ಆಟಿಯಲ್ಲಿ ಬಂದ ಮೋಟಾರ್ ಸೈಕಲ್

ಕೆಟ್ಟ ಕಾಲ ಅಳುತ್ತಾ ಬಂದರೆ ನಾವೂ ಜೊತೆಗೆ ಕುಳಿತು ಅಳಬಹುದು. ನನ್ನ ಪಾಲಿಗೆ ಅದು ಯಾವಾಗಲೂ ಕೋಡಂಗಿ ವೇಷ ಕಟ್ಟಿಕೊಂಡೇ ಬಂದಿದೆ. ನೋಡಿದವರೆಲ್ಲ ನಕ್ಕರು. ಅಂಗಡಿ ನನ್ನದಾದ ಕಾರಣ ನಾನು ಸ್ವಲ್ಪ ತಡವಾಗಿ ನಕ್ಕೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಂಗಳೂರಿನ ಹಂಪನಕಟ್ಟೆಯಲ್ಲಿ ನನ್ನದು ಸೋಪು, ಊದುಬತ್ತಿ, ಬೆಂಕಿಪೆಟ್ಟಿಗೆಯ ಅಂಗಡಿ. ವ್ಯಾಪಾರ ಎಷ್ಟು ತಣ್ಣಗಿತ್ತೆಂದರೆ ಬೆಳಿಗ್ಗೆ ಬಾಗಿಲು ತೆಗೆಯುವುದು, ಮಳೆ ನೋಡುವುದು, ಸಂಜೆ ಬಾಗಿಲು ಹಾಕುವುದು. ಜನ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿದ್ದರು, ಮಳೆ ಬಿಡುವ ತನಕ ನಿಲ್ಲಲಿಕ್ಕೆ.

ಆಗ ಒಂದು ಸೋಪಿನ ಕಂಪೆನಿ ಮಂಗಳೂರಿಗೆ ಏಜೆಂಟರನ್ನು ಹುಡುಕುತ್ತಿತ್ತು. ಅದು ಸಿಕ್ಕಿದರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಲಿಕ್ಕೆ ಅಂಗಡಿಯೇ ಇರುವುದಿಲ್ಲ. ಕಂಪೆನಿಯ ಷರತ್ತು ಒಂದೇ: ಏಜೆಂಟನಿಗೆ ಸ್ವಂತ ವಾಹನ ಇರಬೇಕು, ಅದು ಗೋದಾಮಿನ ಎದುರು ನಿಂತಿರಬೇಕು, ಆಫೀಸರು ಬಂದು ಕಣ್ಣಾರೆ ನೋಡಬೇಕು. ಗೋದಾಮು ಅಂದರೆ ಕಾವೂರಿನಲ್ಲಿ ನನ್ನ ಮನೆಯ ಪಕ್ಕದ ಹಳೆ ಹಟ್ಟಿ. ದನ ಮಾರಿದ ಮೇಲೆ ಅಲ್ಲಿ ಸೋಪಿನ ಪೆಟ್ಟಿಗೆ ಇಡುತ್ತಿದ್ದೆ. ವಾಹನ ಮಾತ್ರ ಇರಲಿಲ್ಲ. ಹೊಸತು ಬುಕ್ ಮಾಡಿದರೆ ಬುಕ್ ಮಾಡಿದವನ ಮಗ ಓಡಿಸಬೇಕಾದ ಕಾಲ ಅದು. ಇನ್ನು ಹಳತೇ ಗತಿ.

ಆಫೀಸರು ಬರುವುದು ಆಟಿಯಲ್ಲಿ ಎಂದು ಗೊತ್ತಾಯಿತು. ಆಟಿ ಅಂದರೆ ತುಳುವರ ಮಳೆತಿಂಗಳು. ಆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತಾಗಿ ಕೊಂಡದ್ದು ಯಾವುದೂ ಮನೆಯ ಮೆಟ್ಟಿಲು ಹತ್ತಲಿಕ್ಕಿಲ್ಲ. ಎಲ್ಲ ಶುಭವೂ ಮುಂದಿನ ಸೋಣ ತಿಂಗಳು ಬಂದ ಮೇಲೆ. ನಾನು ವ್ಯಾಪಾರಿ. ಎಲ್ಲರೂ ಕೊಳ್ಳದ ತಿಂಗಳಲ್ಲಿ ಕೊಂಡರೆ ಅಗ್ಗಕ್ಕೆ ಸಿಗುತ್ತದೆ ಎಂದು ಮಾತ್ರ ನನ್ನ ತಲೆಗೆ ಹೊಳೆಯಿತು.

ಇಳಿಜಾರು

ಹುಬ್ಬಳ್ಳಿಯಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯವರೊಬ್ಬರ ಹತ್ತಿರ ಹಳೆ ಮೋಟಾರ್ ಸೈಕಲ್ ಉಂಟೆಂದು ಸುದ್ದಿ ಬಂತು. ನನಗೆ ಓಡಿಸಲು ಬರುವುದಿಲ್ಲ. ಹಾಗಾಗಿ ಹೆಂಡತಿಯ ತಮ್ಮನನ್ನು ಕರೆದುಕೊಂಡು ಹೋದೆ. ಅವನು ಬ್ಯಾಂಕಿನಲ್ಲಿ ಗುಮಾಸ್ತ. ಕೂತಲ್ಲೇ ಬಾಯಲ್ಲಿ ಎಲ್ಲ ಗಾಡಿ ಓಡಿಸುವವ.

ಹೋಟೆಲಿನವರು ಬನ್ಸು, ಕಾಫಿ ಕೊಟ್ಟು ಉಪಚಾರ ಮಾಡಿದರು. ಚೌಕಾಸಿಗೆ ಕೂತಾಗ ನಾನು ಹೇಳಿದೆ, "ಆಟಿಯಲ್ಲಿ ಗಾಡಿ ತೆಗೆಯಲಿಕ್ಕೆ ನನ್ನನ್ನು ಬಿಟ್ಟು ನಿಮಗೆ ಯಾರು ಸಿಕ್ಕುತ್ತಾರೆ?"

"ಇದು ಹುಬ್ಬಳ್ಳಿ ಮಾರಾಯ್ರೆ. ಇಲ್ಲಿ ಎಂತ ಆಟಿ? ಇಲ್ಲಿ ಶ್ರಾವಣ ಶುರುವಾಗಿದೆ."

"ಹಾಗಾದರೆ ಹುಬ್ಬಳ್ಳಿಯವರಿಗೇ ಕೊಡಬಹುದಿತ್ತಲ್ಲ?"

ಅವರು ಇನ್ನೊಂದು ಕಾಫಿ ತರಿಸಿದರು. ರೇಟು ಇಳಿಯಿತು. ನನಗೆ ಭಾರೀ ಹೆಮ್ಮೆ. ಹುಬ್ಬಳ್ಳಿಯವರು ಅದನ್ನು ಯಾಕೆ ಕೊಂಡಿರಲಿಲ್ಲ ಎಂದು ಯೋಚಿಸುವ ಬುದ್ಧಿ ಮಾತ್ರ ಬರಲಿಲ್ಲ.

ಗಾಡಿಯನ್ನು ಹೋಟೆಲಿನ ಹಿಂದೆ ಒಂದು ದಿಬ್ಬದ ಮೇಲೆ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಕಲ್ಲು ತೆಗೆದರು. ಭಾವಮೈದುನ ಹತ್ತಿ ಕುಳಿತ. ಗಾಡಿ ಕೆಳಗೆ ಇಳಿಯುತ್ತಾ ಇಳಿಯುತ್ತಾ ಗುಡುಗುಡು ಎಂದು ಸ್ಟಾರ್ಟ್ ಆಯಿತು. ಕೆಳಗೆ ಮುಟ್ಟಿದ ಕೂಡಲೇ ನಿಂತಿತು.

"ಇದು ಇಳಿಜಾರಿನಲ್ಲಿ ಮಾತ್ರ ಸ್ಟಾರ್ಟ್ ಆಗುವುದಾ?" ಎಂದು ಕೇಳಿದೆ.

ಹೋಟೆಲಿನವರು ದುಡ್ಡನ್ನು ಆಗಲೇ ಒಳಗಿನ ಕಿಸೆಗೆ ಹಾಕಿಕೊಂಡಿದ್ದರು. "ಮಂಗಳೂರಿನವರಾಗಿ ಇಳಿಜಾರಿಗೆ ಹೆದರುವುದಾ? ನಿಮ್ಮಲ್ಲಿ ಸಪಾಟು ಜಾಗ ಎಲ್ಲುಂಟು ಹೇಳಿ, ನಾನು ಗಾಡಿ ವಾಪಸ್ ತಗೊಳ್ತೇನೆ."

ಮನಸ್ಸಿನಲ್ಲೇ ಮಂಗಳೂರಿಗೆ ಒಂದು ಸುತ್ತು ಹಾಕಿ ಬಂದು, ಗಾಡಿಯ ಹ್ಯಾಂಡಲ್ ಹಿಡಿದೆ.

ಮೆಣಸಿನ ಲೋಡು

"ನೀವು ಬಸ್ಸಿನಲ್ಲಿ ಬನ್ನಿ ಭಾವ, ನಾನು ಗಾಡಿಯಲ್ಲಿ ನಿಮಗಿಂತ ಮೊದಲು ಮುಟ್ಟುತ್ತೇನೆ" ಎಂದು ಭಾವಮೈದುನ ಹೊರಟ. ನಾನು ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗುವಾಗ ಅವನು ಎದುರಿನಿಂದ ಗಾಡಿ ತಳ್ಳಿಕೊಂಡು ಬರುತ್ತಿದ್ದ.

ಪುಣ್ಯಕ್ಕೆ ನಮ್ಮ ಕಡೆಯ ಒಂದು ಲಾರಿ ಸಿಕ್ಕಿತು. ಮಂಗಳೂರಿನಿಂದ ಹೆಂಚು ತಂದು ಇಳಿಸಿ, ಬ್ಯಾಡಗಿ ಮೆಣಸು ತುಂಬಿಸಿಕೊಂಡು ಬಂದರಿಗೆ ವಾಪಸ್ ಹೊರಟದ್ದು. ಡ್ರೈವರ್ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು, ನನ್ನ ಅಂಗಡಿಯ ಗುರ್ತದವರು. ಮೆಣಸಿನ ಗೋಣಿಗಳ ಮೇಲೆ ಗಾಡಿಯನ್ನು ಅಡ್ಡ ಮಲಗಿಸಿ ಟಾರ್ಪಾಲು ಎಳೆದೆವು. ಕ್ಯಾಬಿನಿನಲ್ಲಿ ಒಬ್ಬರಿಗೆ ಮಾತ್ರ ಜಾಗ ಇತ್ತು. ದುಡ್ಡು ಕೊಟ್ಟವನು ನಾನಾದ ಕಾರಣ ನಾನು ಕ್ಯಾಬಿನಿನಲ್ಲಿ ಕುಳಿತೆ. ಗಾಡಿ ಜಾರದ ಹಾಗೆ ಹಿಡಿದುಕೊಳ್ಳಲಿಕ್ಕೆ ಭಾವಮೈದುನ ಟಾರ್ಪಾಲಿನ ಅಡಿಗೆ ಹೋದ.

ಘಟ್ಟದಲ್ಲಿ ಮಳೆಯೋ ಮಳೆ. ಹಿಂದಿನಿಂದ ಸೀನುವುದು ಮಾತ್ರ ಕೇಳುತ್ತಿತ್ತು. "ಜನಕ್ಕೆ ಜೀವ ಉಂಟು, ಸೀನ್ತಾ ಉಂಟಲ್ಲ" ಎಂದರು ಡ್ರೈವರ್. ಸ್ವಲ್ಪ ಹೊತ್ತಿಗೆ ಸೀನೂ ನಿಂತಿತು. ಆಗ ನನಗೂ ಹೆದರಿಕೆಯಾಯಿತು. ನನ್ನ ಹೆಂಡತಿಗೆ ಇದ್ದದ್ದು ಒಬ್ಬನೇ ತಮ್ಮ.

ಘಟ್ಟದ ತಪಾಸಣೆ ಗೇಟಿನಲ್ಲಿ ಲಾರಿ ನಿಲ್ಲಿಸಿದರು. ಅಲ್ಲಿ ಹಗ್ಗ ಬಿಚ್ಚಿ, ಗೋಣಿ ನೋಡಿ, ಪುನಃ ಕಟ್ಟುವಷ್ಟರಲ್ಲಿ ಒಂದು ಊಟದ ಹೊತ್ತು ಹೋಗುತ್ತದೆ. ಕಾವಲಿನವನು ಟಾರ್ಪಾಲಿನ ಮೂಲೆ ಎತ್ತಿದ. ಒಳಗೆ ಒಬ್ಬ ಗಂಡಸು ಮೋಟಾರ್ ಸೈಕಲನ್ನು ತಬ್ಬಿಕೊಂಡು ಮಲಗಿದ್ದಾನೆ. ಕಣ್ಣು ಕೆಂಡದ ಹಾಗೆ, ಎರಡೂ ಕೆನ್ನೆಯಲ್ಲಿ ನೀರು, ಮಾತು ಹೊರಡುವುದಿಲ್ಲ.

"ಏನಾಯ್ತು ಇವರಿಗೆ?"

ಡ್ರೈವರ್ ಎದೆಯ ಮೇಲೆ ಕೈ ಇಟ್ಟು, "ಕೇಳಬೇಡಿ ಸಾರ್" ಎಂದರು. ಅಷ್ಟೇ.

ಕಾವಲಿನವನು ಪಾಪ ಎಂದು ಗೋಣಿ ಮುಟ್ಟದೆ, ತಾನೇ ಹಗ್ಗ ಕಟ್ಟಿಕೊಟ್ಟು ಗೇಟು ಎತ್ತಿದ. ಸ್ವಲ್ಪ ಮುಂದೆ ಬಂದ ಮೇಲೆ ಡ್ರೈವರ್ ಹೇಳಿದರು, "ಸಾವುಕಾರ್ರೆ, ಇವರನ್ನು ನನಗೆ ಪ್ರತಿ ಟ್ರಿಪ್ಪಿಗೆ ಕಳಿಸಿಕೊಡ್ತೀರಾ? ಬ್ಯಾಂಕಿನವರು ಕೊಡುವಷ್ಟು ಸಂಬಳ ನಾನೇ ಕೊಡ್ತೇನೆ."

ಗೇಟಿನ ಹೊರಗೆ

ಲಾರಿ ಬಂದರಿಗೆ ಹೋಗಬೇಕಿತ್ತು. ನಮ್ಮನ್ನು ಕೂಳೂರಿನಲ್ಲಿ ಇಳಿಸಿದರು. ಅಲ್ಲಿಂದ ಕಾವೂರಿಗೆ ಏರು. ಹೋಟೆಲಿನವರು ಹೇಳಿದ ಇಳಿಜಾರು ಸುಳ್ಳಲ್ಲ. ನಾವು ಅದರ ಕೆಳಗಿನ ತುದಿಯಲ್ಲಿದ್ದೆವು, ಅಷ್ಟೆ. ಮಳೆಯಲ್ಲಿ ತಳ್ಳಿದೆವು. ಕೊಡೆ ಹಿಡಿದು ಬರುತ್ತಿದ್ದ ಒಬ್ಬರು ಕೇಳಿದರು, "ಎಂತ, ಹಾಳಾಯಿತಾ?"

"ಇಲ್ಲ, ಈಗ ತೆಗೆದದ್ದು."

"ಆಟಿಯಲ್ಲಿಯಾ?" ಎಂದು ಕೇಳಿ, ಹೆಣ ಹೋಗುವಾಗ ನಿಲ್ಲುವ ಹಾಗೆ ದಾರಿಯ ಬದಿಗೆ ಸರಿದು ನಿಂತರು.

ಮನೆಯ ಗೇಟಿನಲ್ಲಿ ಅಮ್ಮ ನಿಂತಿದ್ದರು. ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಗುತ್ತದೆ, ಆದರೂ ಹೇಳುತ್ತೇನೆ: "ಆ ಕಬ್ಬಿಣ ಈ ಗೇಟು ದಾಟಿ ಒಳಗೆ ಬಂದರೆ ನಾನು ಇದೇ ಗೇಟು ದಾಟಿ ಹೊರಗೆ ಹೋಗುತ್ತೇನೆ."

"ಅಮ್ಮ, ಆಫೀಸರು ಈ ವಾರ ಬರ್ತಾರೆ. ಗೋದಾಮಿನ ಎದುರು ಗಾಡಿ ಇಲ್ಲದಿದ್ದರೆ ಏಜೆನ್ಸಿ ಇಲ್ಲ. ಏಜೆನ್ಸಿ ಇಲ್ಲದಿದ್ದರೆ ಅಂಗಡಿ ಇಲ್ಲ."

"ಆಟಿಯಲ್ಲಿ ತಂದದ್ದು ಇದ್ದದ್ದನ್ನೂ ತಿಂದುಕೊಂಡು ಹೋಗುತ್ತದೆ. ನಿನ್ನ ಅಪ್ಪ ಆಟಿಯಲ್ಲಿ ಒಂದು ಚಿಮಿಣಿ ದೀಪ ಸಹ ತಂದವರಲ್ಲ."

ಹೆಂಡತಿ ನನ್ನ ಕಡೆಗಿರಬಹುದು ಎಂದು ನೋಡಿದೆ. ಅವಳು ತಮ್ಮನ ಕಣ್ಣು ನೋಡಿ ಆಗಲೇ ಅತ್ತೆಯ ಕಡೆಗೆ ಹೋಗಿದ್ದಳು. ಪಕ್ಕದ ಮನೆಯ ಭಟ್ಟರು ದೇವಸ್ಥಾನದ ಅರ್ಚಕರು. ಅವರ ಅಂಗಳದಲ್ಲಿ ನಿಲ್ಲಿಸಲೇ ಎಂದು ಕೇಳಿದರೆ, "ಶಾಸ್ತ್ರದಲ್ಲಿ ಅಡ್ಡಿ ಇಲ್ಲ. ಮನೆಯವಳಲ್ಲಿ ಉಂಟು" ಎಂದರು.

ಕೊನೆಗೆ ಒಂದು ತೀರ್ಮಾನವಾಯಿತು. ಗಾಡಿ ಗೇಟಿನ ಹೊರಗೆ, ಹಟ್ಟಿಯ ಎದುರಿನ ಓಣಿಯಲ್ಲಿ ನಿಲ್ಲಲಿ. ಸೋಣ ಬರುವ ತನಕ ಅದು ನಮ್ಮದಲ್ಲ. ಯಾರು ಕೇಳಿದರೂ ನಮ್ಮದಲ್ಲ.

"ಹೊರಗೆ ಇಟ್ಟರೆ ಕದ್ದುಕೊಂಡು ಹೋದರೆ ಎಂತ ಮಾಡುವುದು ಅತ್ತೆ?" ಎಂದು ಹೆಂಡತಿ ಕೇಳಿದಳು.

ಅಮ್ಮ ಒಳಗೆ ಹೋಗುತ್ತಾ ಹೇಳಿದರು, "ಕಳ್ಳನಿಗೂ ಒಬ್ಬಳು ತಾಯಿ ಇರುವುದಿಲ್ಲವಾ? ಆಟಿಯಲ್ಲಿ ಅವನು ಅದನ್ನು ಯಾವ ಮನೆಗೆ ಕೊಂಡುಹೋಗುವುದು?"

ಹೊಗೆ

ಆಫೀಸರು ಬರುವ ಮುಂಚಿನ ದಿನ ಗಾಡಿಯನ್ನು ಒಮ್ಮೆ ಸ್ಟಾರ್ಟ್ ಮಾಡಿ ನೋಡುವ ಎಂದು ಹೊರಟೆವು. ಓಣಿಯ ಮೇಲಿನ ತುದಿಗೆ ತಳ್ಳಿ, ಭಾವಮೈದುನನನ್ನು ಕೂರಿಸಿ ಬಿಟ್ಟೆವು. ಸ್ಟಾರ್ಟ್ ಆಯಿತು. ಈ ಸಲ ನಿಲ್ಲಲೂ ಇಲ್ಲ. ಕುಣಿಯುವುದೊಂದು ಬಾಕಿ ನನಗೆ.

ಲಾರಿಯಲ್ಲಿ ಒಂದು ಗೋಣಿ ಹರಿದು ಸೈಲೆನ್ಸರಿನ ಒಳಗೆ ಮೆಣಸು ಸೇರಿಕೊಂಡದ್ದು ನಮಗೆ ಗೊತ್ತಿರಲಿಲ್ಲ. ಸೈಲೆನ್ಸರ್ ಬಿಸಿಯಾಯಿತು. ಬ್ಯಾಡಗಿ ಮೆಣಸು ಹುರಿಯಲು ಶುರುವಾಯಿತು. ಓಣಿ ತುಂಬಾ ಘಾಟು. ಹೆಂಡತಿ ಕೆಮ್ಮಿದಳು. ಭಟ್ಟರು ಸಂಧ್ಯಾವಂದನೆ ಅರ್ಧಕ್ಕೆ ಬಿಟ್ಟು ಹೊರಗೆ ಓಡಿದರು. ಬಸ್ಸಿಗೆ ಕಾದು ನಿಂತವರು ಬಸ್ಸು ಬಿಟ್ಟು ಓಡಿದರು. ಭಾವಮೈದುನ ಪುನಃ ಅತ್ತ. ಅವನಿಗೆ ಈಗ ಅಭ್ಯಾಸವಾಗಿತ್ತು.

ನಮ್ಮಲ್ಲಿ ದೃಷ್ಟಿ ತೆಗೆಯಲು ಮೆಣಸು ನಿವಾಳಿಸಿ ಬೆಂಕಿಗೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದು ಲೆಕ್ಕ, ಘಾಟು ಬಂದರೆ ಏನೂ ಇಲ್ಲ ಎಂದು ಲೆಕ್ಕ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಜಗಲಿಗೆ ಬಂದರು. ಕೆಮ್ಮುವವರನ್ನೆಲ್ಲ ಒಮ್ಮೆ ನೋಡಿದರು. ಗಾಡಿಯನ್ನೂ ನೋಡಿದರು.

"ದೃಷ್ಟಿ ಏನೂ ಇಲ್ಲ" ಎಂದರು. "ಇದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಲಿಕ್ಕೆ ಯಾರಿಗೆ ಮರ್ಲು?"

ಆಫೀಸರು

ಮರುದಿನ ಆಫೀಸರು ಬಂದರು. ಬೆಂಗಳೂರಿನವರು, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಮುಖದಲ್ಲಿ ಮಳೆಗಿಂತ ಹೆಚ್ಚು ಬೇಸರ. ಅಮ್ಮನಿಗೆ ಬೆಳಿಗ್ಗೆಯೇ ಕೈ ಮುಗಿದು ಹೇಳಿದ್ದೆ, ಇವತ್ತು ಒಂದು ದಿನ ಮಾತಾಡಬೇಡಿ ಎಂದು.

"ನಾನಾಗಿ ಬಾಯಿ ಬಿಡುವುದಿಲ್ಲ. ಕೇಳಿದರೆ ಸುಳ್ಳು ಹೇಳಲಿಕ್ಕೆ ಮಾತ್ರ ಇಲ್ಲ" ಎಂದಿದ್ದರು.

ಹಾಗಾಗಿ ಆಫೀಸರನ್ನು ಅಮ್ಮನಿಂದ ದೂರ ಇಡುವುದೇ ನನ್ನ ಕೆಲಸವಾಯಿತು. ಗೋದಾಮು ತೋರಿಸಿದೆ. ಮಾಡು ಸೋರದ ಮೂಲೆಯಲ್ಲೇ ನಿಲ್ಲಿಸಿ ಮಾತಾಡಿಸಿದೆ. ಅವರು ತಲೆ ಆಡಿಸಿದರು. ಗಾಡಿ ನೋಡಿದರು.

"ನಿಮ್ದೇನಾ?"

"ನನ್ನದೇ ಸಾರ್."

"ಸರಿ. ಆಗಬಹುದು ಬಿಡಿ" ಎಂದು ಅವರು ಹೊರಟೇಬಿಟ್ಟರು. ಅಂಗಡಿ ಉಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಜಗಲಿಯಲ್ಲಿ ಬೆಲ್ಲ, ನೀರು ತಂದಿಟ್ಟರು. ಬಂದವರಿಗೆ ಬೆಲ್ಲ, ನೀರು ಕೊಡುವುದಕ್ಕೆ ಆಟಿಯಲ್ಲೂ ಅಡ್ಡಿ ಇಲ್ಲ. ಆಫೀಸರು ಒಳ್ಳೆ ಮನೆಯಲ್ಲಿ ಬೆಳೆದವರು. ನೀರು ಕುಡಿದು ಸುಮ್ಮನೆ ಹೋಗಲಿಲ್ಲ. ನಗುತ್ತಾ ಕೇಳಿದರು, "ಏನಮ್ಮಾ, ಮಗ ಗಾಡಿ ತಗೊಂಡ್ರು. ಸಂತೋಷಾನಾ?"

"ಅದು ನಮ್ಮದಲ್ಲ ಮಗಾ" ಎಂದರು ಅಮ್ಮ.

ಆಫೀಸರು ನನ್ನನ್ನು ನೋಡಿದರು. ನಾನು ಬೆಲ್ಲ ನೋಡಿದೆ.

"ನಮ್ಮದೇ ಸಾರ್, ಅಮ್ಮನಿಗೆ ವಯಸ್ಸಾಯಿತು..."

"ವಯಸ್ಸು ನಿನ್ನ ಬುದ್ಧಿಗೆ ಆಗಿದೆ. ಆಟಿಯಲ್ಲಿ ನಾವು ಎಂತ ಸಹ ತೆಗೆಯುವುದಿಲ್ಲ ಮಗಾ. ಅದು ಸುಮ್ಮನೆ ಓಣಿಯಲ್ಲಿ ನಿಂತದ್ದು."

ಬೇಲಿಯ ಆಚೆಯಿಂದ ಭಟ್ಟರು ಸಾಕ್ಷಿ ಹೇಳಿದರು, "ಅವರು ಹೇಳುವುದು ಸರಿ ಸಾರ್. ಸದ್ಯಕ್ಕೆ ಅದು ಯಾರದ್ದೂ ಅಲ್ಲ." ಕೊನೆಯ ಆಸೆಯಿಂದ ಭಾವಮೈದುನನ ಕಡೆ ತಿರುಗಿದೆ. ಅವನ ಅಕ್ಕ ಅವನನ್ನೇ ನೋಡುತ್ತಿದ್ದಳು. "ನಾನು ಜೊತೆಗೆ ಬಂದದ್ದು ಮಾತ್ರ ಸಾರ್" ಎಂದ.

ಆಫೀಸರು ಜಗಲಿಯ ಮೇಲೆ ಕುಳಿತುಬಿಟ್ಟರು. "ಬೆಳಗ್ಗೆ ಉರ್ವಕ್ಕೆ ಹೋಗಿದ್ದೆ. ಗೋದಾಮಿನ ಎದುರು ಸ್ಕೂಟರ್. ಅವರ ಅತ್ತೆ ಬಂದು ನಮ್ಮದಲ್ಲ ಅಂದ್ರು. ಕದ್ರಿಗೆ ಹೋದೆ. ಅಲ್ಲೂ ಮೋಟಾರ್ ಸೈಕಲ್. ಅವರಜ್ಜಿ ಬಂದು ನಮ್ಮದಲ್ಲ ಅಂದ್ರು. ಈಗ ನೀವು. ಅಲ್ಲ ಸ್ವಾಮಿ, ಈ ಊರಲ್ಲಿ ನಿಂತಿರೋ ಗಾಡಿಗಳೆಲ್ಲ ಯಾರ್ದ್ರೀ?"

ಆಟಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಹೊಳೆದದ್ದು ಊರಿನಲ್ಲಿ ನನಗೊಬ್ಬನಿಗೇ ಅಲ್ಲ ಎಂದು ಆಗ ಗೊತ್ತಾಯಿತು.

ಏಜೆನ್ಸಿ ಬಂದರಿನ ಒಬ್ಬ ವ್ಯಾಪಾರಿಗೆ ಹೋಯಿತು. ಸೋಣ ಸಂಕ್ರಮಣದಂದು ಅಮ್ಮ ಗಾಡಿಗೆ ಕುಂಕುಮ ಹಚ್ಚಿ, ಚಕ್ರದಡಿಗೆ ಲಿಂಬೆಹುಳಿ ಇಟ್ಟು, "ಇನ್ನು ನಮ್ಮದು" ಎಂದು ಗೇಟು ತೆಗೆದರು. ದೀಪಾವಳಿಗೆ ಮೊದಲು ಅರ್ಧ ಅಂಗಡಿಯನ್ನು ಕೊಡೆ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟೆ. ಉಳಿದ ಅರ್ಧಕ್ಕೆ ಸೋಪು ಬೇಕಲ್ಲ, ಭಾವಮೈದುನನ ಹಿಂದೆ ಕುಳಿತು ಆ ಹೊಸ ಏಜೆಂಟನ ಹತ್ತಿರವೇ ಹೋದೆ. ಅವನಲ್ಲಿ ಸ್ಕೂಟರೂ ಇಲ್ಲ, ಮೋಟಾರ್ ಸೈಕಲೂ ಇಲ್ಲ. ಗೋದಾಮಿನ ಎದುರು ಒಂದು ಕೈಗಾಡಿ, ಒಂದು ಚಕ್ರ ವಾಲಿದ್ದು.

"ಆಫೀಸರು ಇದಕ್ಕೆ ಹೇಗೆ ಒಪ್ಪಿದರು ಮಾರಾಯ?" ಎಂದು ಕೇಳಿದೆ.

"ನನಗೂ ಗೊತ್ತಿಲ್ಲ. ಅವರು ಬರುವಾಗ ನಾನು ಮನೆಯಲ್ಲೇ ಇರಲಿಲ್ಲ. ಅಮ್ಮ ಒಬ್ಬರೇ ಇದ್ದದ್ದು. 'ಈ ಗಾಡಿ ಯಾರದ್ದಮ್ಮ?' ಅಂತ ಕೇಳಿದರಂತೆ. ಅಮ್ಮ 'ನಮ್ಮದೇ' ಅಂದರಂತೆ. ಅವರು ಅಲ್ಲೇ ಸೈನ್ ಹಾಕಿ, ಅಮ್ಮನ ಕಾಲಿಗೆ ಬಿದ್ದು ಹೋದರಂತೆ."