ತಿಂದದ್ದೆಲ್ಲ ಎಲ್ಲಿಗೆ ಹೋಯಿತು?

ಕೆಲವರ ಮೈಗೆ ಅನ್ನ ಹತ್ತುತ್ತದೆ, ಕೆಲವರ ಮೈಗೆ ಬರೀ ಪ್ರಸಂಗಗಳು ಹತ್ತುತ್ತವೆ. ನಾನು ಎರಡನೆಯವರ ಪೈಕಿ. ನಿವೃತ್ತನಾಗಿ ಹಾಯಾಗಿ ಕೂತಿರುವ ಈಗಲೂ ನನ್ನನ್ನು ಕಂಡವರು "ಹುಷಾರಿಲ್ವಾ?" ಎಂದೇ ಮಾತು ಶುರುಮಾಡುತ್ತಾರೆ. ಇವತ್ತು ಬೆಳಿಗ್ಗೆಯೂ ಒಬ್ಬರು ಕೇಳಿದರು. ಬಾಯಿ ತುಂಬ ದೋಸೆಯಿದ್ದದ್ದರಿಂದ ಉತ್ತರ ಕೊಡಲಾಗಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಬಿ.ಎ. ಮುಗಿಸಿ ಸಾಗರದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ತೀರ್ಥಹಳ್ಳಿ ಕಡೆಯ ಅರಳಸುರಳಿಯ ಹುಡುಗಿಯೊಬ್ಬಳನ್ನು ಮದುವೆಮನೆಯಲ್ಲಿ ನೋಡಿ, ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ಹೊಸನಗರದ ನನ್ನ ಸೋದರಮಾವ ಹೋಗಿ ಕೇಳಿದರು. ಹುಡುಗಿಯ ಅಪ್ಪ ಹೇಳಿದರಂತೆ: "ಹುಡುಗ ಒಳ್ಳೆಯವನೇ. ಆದ್ರೆ ಊರುಗೋಲಿಗೆ ಪಂಚೆ ಉಡಿಸಿದ ಹಾಗಿದ್ದಾನಲ್ಲ ಮಾರಾಯ್ರೆ! ಕ್ಷಯ ಗಿಯ ಇದ್ರೆ? ಶಿವರಾತ್ರಿ ಕಳೀಲಿ. ಅಷ್ಟರಲ್ಲಿ ಸ್ವಲ್ಪ ಮೈ ಹಿಡಿದ್ರೆ ಕರ್ಕೊಂಡು ಬನ್ನಿ. ಇಲ್ದಿದ್ರೆ ಬೇರೆ ಕಡೆ ನೋಡ್ತೀವಿ."

ಆಗಷ್ಟೇ ದೀಪಾವಳಿ ಮುಗಿದಿತ್ತು.

೧. ಕಾಣದ ಬಲ

ಗರಡಿಮನೆಯ ಉಸ್ತಾದರ ಮುಂದೆ ಅಂಗಿ ಬಿಚ್ಚಿ ನಿಂತೆ. ಅವರು ನನಗೊಂದು ಪ್ರದಕ್ಷಿಣೆ ಬಂದು, "ದಿನಾ ಏನು ತಿಂತೀರಿ?" ಎಂದರು. ಹೇಳಿದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಪೈಲ್ವಾನರೆಲ್ಲ ದಂಡ ಹೊಡೆಯುವುದು ಬಿಟ್ಟು ಕಥೆ ಕೇಳುವಂತೆ ಸುತ್ತ ಕೂತಿದ್ದರು.

"ನಿಮ್ಮ ಹೊಟ್ಟೇಲಿರೋದು ಒಲೆ ಅಲ್ಲ ಮೇಷ್ಟ್ರೇ, ಇಟ್ಟಿಗೆ ಸುಡೋ ಭಟ್ಟಿ! ಹಾಕಿದ್ದೆಲ್ಲ ಬೂದಿ. ಇನ್ನಷ್ಟು ತಿನ್ನಿ. ಭಾರದ ಗುಂಡು ಎತ್ತಿ. ಮಿಕ್ಕ ಹೊತ್ತು ಸುಮ್ಮನೆ ಅಲೆದಾಡಿ ತಿಂದದ್ದನ್ನ ಕರಗಿಸ್ಬೇಡಿ."

ಶಿರಸಾವಹಿಸಿ ಪಾಲಿಸಿದೆ. ಬೆಳಿಗ್ಗೆ ಗುಂಡುಕಲ್ಲು. ಆಮೇಲೆ ರೊಟ್ಟಿ, ತುಪ್ಪ, ನೆನೆಸಿದ ಕಡಲೆ, ಹಾಲು, ಬಾಳೆಹಣ್ಣು. ಶಾಲೆಯಲ್ಲಿ ಕುರ್ಚಿ ಬಿಟ್ಟು ಏಳಲಿಲ್ಲ, ಜೋರಾಗಿ ಮಾತೂ ಆಡಲಿಲ್ಲ. ವಾರ ಕಳೆಯುವುದರಲ್ಲಿ ಹೆಡ್‌ಮೇಷ್ಟ್ರು ತರಗತಿಯ ಬಾಗಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದು, "ಎಷ್ಟು ದಿನದಿಂದ ಹೀಗೆ? ರಜಾ ಬೇಕಾದ್ರೆ ಸಂಕೋಚ ಪಡ್ಬೇಡಿ" ಎಂದರು.

ಸಂಕ್ರಾಂತಿಯ ಹೊತ್ತಿಗೆ ಗರಡಿಯ ದೊಡ್ಡ ಗುಂಡನ್ನು ಎದೆಯ ಮಟ್ಟಕ್ಕೆ ಎತ್ತಿದೆ. ಉಸ್ತಾದರು ಮತ್ತೆ ಪ್ರದಕ್ಷಿಣೆ ಬಂದರು. "ಬಲ ಬಂದಿದೆ, ಸುಳ್ಳಲ್ಲ" ಎಂದು ನನ್ನ ತೋಳು ಹಿಚುಕಿ ನೋಡಿದರು. "ಎಲ್ಲಿ ಬಂದು ಕೂತಿದೆ ಅಂತ ಮಾತ್ರ ಗೊತ್ತಾಗ್ತಿಲ್ಲ."

೨. ಮಂಡಿಯ ತಕ್ಕಡಿ

ಕಣ್ಣಿಗೆ ಕಾಣದ್ದು ತಕ್ಕಡಿಗಾದರೂ ಕಂಡೀತು ಎಂದು ಅಡಿಕೆ ಮಂಡಿಗೆ ಹೋದೆ. ಮನುಷ್ಯ ಕೂರುವಂಥ ತಕ್ಕಡಿ ಊರಲ್ಲಿ ಇದ್ದದ್ದು ಅಲ್ಲೇ. ದೀಪಾವಳಿ ಮುಗಿದಾಗ, ಗರಡಿಗೆ ಸೇರುವ ಮುಂಚೆಯೂ ಅಲ್ಲೇ ತೂಗಿಸಿಕೊಂಡಿದ್ದೆ. ಆಗ ತೂಗಿದವರು ಮಂಡಿಯ ಯಜಮಾನರು. ಈ ಸಲ ಸಿಕ್ಕಿದವನು ಜೀವಮಾನವೆಲ್ಲ ಅಡಿಕೆಯನ್ನೇ ತೂಗಿದ ಆಳು.

ಹೊಟ್ಟೆ ಬಿರಿಯೆ ಉಂಡು, ಮೇಲೊಂದು ಚೊಂಬು ಮಜ್ಜಿಗೆ ಕುಡಿದು, ಕೋಟು ಹಾಕಿಕೊಂಡೇ ತಟ್ಟೆಯಲ್ಲಿ ಕೂತೆ. ಅವನು ತೂಕದ ಕಲ್ಲು ಹಾಕಿ ರಾಗವಾಗಿ ಕೂಗಿದ. ಹೆಚ್ಚೇ ಇತ್ತು! ನಾನು ಹಿಗ್ಗುವಷ್ಟರಲ್ಲಿ ಕೋಟು ಮುಟ್ಟಿ ನೋಡಿ, "ಚೀಲಕ್ಕಿಷ್ಟು ವಜಾ" ಎಂದ. ಮಜ್ಜಿಗೆಯ ತೇಗು ಕೇಳಿ, "ಹಸಿಗಿಷ್ಟು ವಜಾ" ಎಂದ. ಕಳೆದು ಉಳಿದದ್ದು ದೀಪಾವಳಿಯ ತೂಕಕ್ಕಿಂತಲೂ ಕಡಿಮೆ.

"ಅಯ್ಯಾ, ನಾನು ಅಡಿಕೆ ಅಲ್ಲ ಕಣೋ!"

"ತಕ್ಕಡಿಗೆ ಎಲ್ಲಾ ಒಂದೇ ಮೇಷ್ಟ್ರೇ. ಚೆನ್ನಾಗಿ ಒಣಗ್ಕೊಂಡು ಬನ್ನಿ, ಹಸಿ ವಜಾ ಬಿಡ್ತೀನಿ."

ಇನ್ನೂ ಎಷ್ಟು ಒಣಗಲಿ ನಾನು!

೩. ಇದ್ದಿಲ ಬಸ್ಸು

ಶಿವರಾತ್ರಿ ಕಳೆಯಿತು. ಮಾವನನ್ನು ಕರೆದುಕೊಂಡು ಹೆಣ್ಣಿನ ಮನೆಗೆ ಹೋಗಬೇಕೆಂದು ಹೊಸನಗರದ ಬಸ್ಸು ಹತ್ತಿದೆ. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳು ಅವು. ಏರು ಬಂದ ಕೂಡಲೇ ಬಸ್ಸು ಕೆಮ್ಮಿ ನಿಂತಿತು.

"ಎಲ್ಲಾ ಇಳಿರಿ, ಭಾರ ಕಮ್ಮಿಯಾಗ್ಲಿ!" ಎಂದ ಡ್ರೈವರು. ನಾನೂ ಎದ್ದೆ. "ನೀವು ಕೂತ್ಕೊಳ್ಳಿ ಸ್ವಾಮಿ, ನೀವು ಇಳಿದದ್ದು ಬಸ್ಸಿಗೆ ಗೊತ್ತೂ ಆಗಲ್ಲ."

ಸಿಟ್ಟು ನೆತ್ತಿಗೇರಿತು. ಇಳಿದು ಹೋಗಿ ಗುಂಡು ಎತ್ತಿದ ಭುಜವನ್ನೇ ಕೊಟ್ಟು ನೂಕಿದೆ. ಬಸ್ಸು ಮುಲುಗುತ್ತ ಏರು ಹತ್ತಿತು. ನನ್ನ ಪಕ್ಕದಲ್ಲಿ, ತಾವು ಬೀಳದಂತೆ ಬಸ್ಸನ್ನು ಹಿಡಿದುಕೊಂಡು ಬರುತ್ತಿದ್ದ ದಪ್ಪ ಸಾಹುಕಾರರೊಬ್ಬರಿದ್ದರು. ಜನವೆಲ್ಲ ಅವರನ್ನು ಸುತ್ತಿಕೊಂಡು, "ಸಾಹುಕಾರ್ರು ಕೈ ಹಾಕಿದ್ದಕ್ಕೆ ಆಯ್ತು ನೋಡಿ!" ಎಂದರು. ಡ್ರೈವರು ನನ್ನ ಕಡೆ ತಿರುಗಿ ಗದರಿದ: "ಬೇಡ ಅಂದ್ರೂ ಯಾಕೆ ಇಳಿದ್ರಿ? ಗಾಳಿಗೆ ಹಾರಿ ಹೋಗಿದ್ರೆ ಜವಾಬ್ದಾರಿ ಯಾರು?"

೪. ಹಂಡೆಯ ನೀರು

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲೋ ಮೈ?" ಎಂದರು. ಗುಂಡು ಎತ್ತಿದ್ದು, ಬಸ್ಸು ನೂಕಿದ್ದು ಎಲ್ಲ ಹೇಳಿದೆ. "ಅದನ್ನೆಲ್ಲ ಅವರ ಜಗಲಿಯಲ್ಲಿ ಹೇಗೋ ತೋರಿಸ್ತೀಯ?" ಎಂದವರೇ, ಮಡಿಸಿದ ಶಾಲನ್ನು ನನ್ನ ಎದೆಗೆ ಸುತ್ತಿ, ಅದರ ಮೇಲೆ ಉಣ್ಣೆಯ ಬನಿಯನ್ನು, ಅಂಗಿ, ವೇಸ್ಟ್‌ಕೋಟು, ಕೋಟು ಹಾಕಿಸಿದರು. ಕನ್ನಡಿಯಲ್ಲಿ ನೋಡಿಕೊಂಡೆ. ನಾನೇ ಎದ್ದು ನಿಂತು ನಮಸ್ಕಾರ ಮಾಡುವಂತಿದ್ದೆ.

ಅರಳಸುರಳಿಯ ಮನೆಯಲ್ಲಿ ಮೊದಲು ಕಂಡದ್ದು ಹುಡುಗಿಯ ಅಜ್ಜಿ. ಕಣ್ಣು ಮಂಜಾದ ಮುದುಕಿ. "ಆಹಾ, ಬಾಗಿಲು ತುಂಬ ಇದ್ದಾನಲ್ಲ ಹುಡುಗ! ಯಾರೇ ಇವನಿಗೆ ಕ್ಷಯ ಅಂದದ್ದು?" ಎಂದರು. ಹುಡುಗಿಯ ಅಪ್ಪ ಸಂತೋಷದಿಂದ, "ಹಂಡೆ ತುಂಬ ನೀರು ಕಾದಿದೆ. ದಾರಿಯ ದಣಿವು, ಸ್ನಾನ ಮಾಡಿ ಊಟಕ್ಕೆ ಬನ್ನಿ" ಎಂದರು.

"ನಾನು ಬೆಳಿಗ್ಗೆಯೇ ಸ್ನಾನ..."

"ಬಸ್ಸಿನ ಮೈಲಿಗೇಲಿ ಈ ಮನೇಲಿ ಯಾರೂ ಉಣ್ಣೋದಿಲ್ಲ. ಏಳಿ ಏಳಿ."

ಮಾವ ಮಾಡಿನ ತೊಲೆಗಳನ್ನು ಎಣಿಸತೊಡಗಿದರು.

ಬಚ್ಚಲಲ್ಲಿ ಒಂದೊಂದೇ ಕಳಚಿಟ್ಟೆ. ನೀರು ಕುದಿಯುತ್ತಿತ್ತು. ತಣ್ಣೀರಿಗೆಂದು ಹೊರಗಿನ ಬಾವಿಗೆ ಹೋಗಿ, ತುಂಬಿದ ತಾಮ್ರದ ದೊಡ್ಡ ಕೊಡವನ್ನು, ಗರಡಿಯ ಅಭ್ಯಾಸ ನೋಡಿ, ಒಂದೇ ಕೈಯಲ್ಲಿ ಎತ್ತಿ ಕಟ್ಟೆಯ ಮೇಲಿಟ್ಟೆ. ಅಡುಗೆಮನೆಯ ಕಿಟಕಿಯಲ್ಲಿ ಬಳೆ ಸದ್ದಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಸ್ನಾನ ಮುಗಿಸಿ, ಪಂಚೆ ಉಟ್ಟು, ಪದ್ಧತಿಯಂತೆ ಬರಿಮೈಯಲ್ಲಿ ಬಂದು ಎಲೆಯ ಮುಂದೆ ಕೂತೆ. ಹುಡುಗಿಯ ಅಪ್ಪನ ಕೈಯ ತುಪ್ಪದ ಮಿಳ್ಳೆ ಗಾಳಿಯಲ್ಲೇ ನಿಂತಿತು. ಅಜ್ಜಿ ಹತ್ತಿರ ಬಂದು, ಬಗ್ಗಿ, ನನ್ನ ಭುಜ ಮುಟ್ಟಿ, ಪಕ್ಕೆ ಮುಟ್ಟಿ, ಗಾಬರಿಯಾಗಿ ಸೊಸೆಯ ಮೇಲೆ ಕೂಗಿಕೊಂಡರು:

"ಅಯ್ಯೋ, ನೀರನ್ನ ಎಷ್ಟು ಕಾಯಿಸಿದ್ಯೇ? ಹುಡುಗ ಬೆಂದು ಬತ್ತಿ ಹೋದ್ನಲ್ಲೇ!"

ಆಗ ಅಡುಗೆಮನೆಯ ಒಳಗಿಂದ, ನಗು ತಡೆದುಕೊಂಡ ಹುಡುಗಿಯ ದನಿ ಬಂತು:

"ಉಳಿದದ್ದೇ ಸಾಕು ಅಜ್ಜಿ."