ವಲ್ಲಿಯ ಕೆಳಗಿನ ಹೆಬ್ಬೆರಳು

ಅಕ್ಕಿಆಲೂರಿನ ಎತ್ತಿನ ದಲ್ಲಾಳಿ ಹೂವಪ್ಪನಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು. ತನ್ನನ್ನು ಒಂದು ಮಾತು ಕೇಳದೆಯೇ ಅದು ಮುಂದೆ ಹೋಗುತ್ತಿತ್ತು. ಅಮೆರಿಕದವರು ಆಕಾಶದಲ್ಲಿ ಯುದ್ಧದ ಸಾಮಾನು ಇಡುತ್ತೇವೆಂದರು, ಹೂವಪ್ಪನನ್ನು ಕೇಳಲಿಲ್ಲ. ದಿಲ್ಲಿಯಲ್ಲಿ ರೈಲಿನ ಟಿಕೀಟು ಕೊಡಲು ಕಂಪ್ಯೂಟರ್ ಕೂಡಿಸಿದರು, ಆಗಲೂ ಕೇಳಲಿಲ್ಲ. ಹೀಗಾಗಿ ಅವನು ದಿನಾಲು ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ಫಕ್ಕೀರಪ್ಪನ ಚಹಾದಂಗಡಿಗೆ ಹೋಗಿ, ಕೇಳದವರಿಗೂ ಹೇಳಿ ಬರುತ್ತಿದ್ದ. ಅಭಿಪ್ರಾಯ ಪುಕ್ಕಟೆ, ಚಹಾ ಮಾತ್ರ ಕೇಳುವವರ ಲೆಕ್ಕಕ್ಕೆ. (ಪುಕ್ಕಟೆ ಮಾಲಿಗೂ ಸಾಗಣೆ ಖರ್ಚು ಇದ್ದೇ ಇರುತ್ತದೆ.)

“ಕಂಪ್ಯೂಟರ್ ಅಂದ್ರ ಏನು?” ಎಂದು ಬಸಿಯಿಂದ ಸುರ್ರನೆ ಒಂದು ಗುಟುಕು ಎಳೆದು ಅವನು ಶುರುಮಾಡುತ್ತಿದ್ದ. “ಗುಟ್ಟು ಇಟ್ಗೊಳ್ಳಾಕ ಬರದ ಪೆಟಗಿ. ಏನ್ ಕೇಳಿದ್ರೂ ಎಲ್ಲಾರ ಮುಂದ ಪರದೆ ಮ್ಯಾಲೆ ಬರದ ತೋರಸತೈತಿ. ಹಿಂಗ ಮಾಡಿದ್ರ ವ್ಯಾಪಾರ ಆಗತೈತೇನು? ನನ್ನ ಈ ವಲ್ಲಿಯೊಳಗ ನಡಿಯೂ ಲೆಕ್ಕ ಯಾವ ಯಂತ್ರಕ್ಕ ಬರತೈತಿ, ಹೇಳ್ರಿ ನೋಡೋಣು!” ಎಂದು ಹೆಗಲ ಮೇಲಿನ ವಲ್ಲಿಯನ್ನು ಒಮ್ಮೆ ಝಾಡಿಸುತ್ತಿದ್ದ. ಎದುರಿನವರ ಚಹಾದಲ್ಲಿ ಧೂಳು ಬೀಳುತ್ತಿತ್ತು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವರ ಕಡೆಯದೊಂದು ಕೈ, ಮಾರುವವರ ಕಡೆಯದೊಂದು ಕೈ, ಎರಡೂ ಒಂದು ವಲ್ಲಿಯ ಕೆಳಗೆ ಸೇರುತ್ತವೆ. ಬೆಲೆ ಎಷ್ಟು ಸಾವಿರದ ಮೇಲೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಹಿಡಿದ ಒಂದೊಂದು ಬೆರಳಿಗೆ ನೂರು ರೂಪಾಯಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಮೇಲೆ ಐವತ್ತು. ಮೇಲೆ ಮುಖಗಳು ಮಳೆ-ಬೆಳೆಯ ಮಾತಾಡುತ್ತಿರುತ್ತವೆ, ಕೆಳಗೆ ಬೆರಳುಗಳು ಜಗಳಾಡುತ್ತಿರುತ್ತವೆ. ಒತ್ತಿದ್ದು ಒತ್ತಿದ್ದೇ. ಹಿಂದಕ್ಕೆ ತೆಗೆದುಕೊಂಡವನ ವಲ್ಲಿಯೊಳಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಇಡುವುದಿಲ್ಲ. ಈ ವಿದ್ಯೆಯಲ್ಲಿ ಹೂವಪ್ಪನ ಬಲಗೈಗೆ ಹಾನಗಲ್ಲಿನಿಂದ ಶಿಗ್ಗಾವಿಯವರೆಗೆ ಹೆಸರಿತ್ತು. (ಉಳಿದ ಹೂವಪ್ಪನಿಗೆ ಅಷ್ಟಿರಲಿಲ್ಲ.)

ಹೀಗಿರುವಾಗ ಪಕ್ಕದ ಮನೆಯ ದನದ ವ್ಯಾಪಾರಿ ಮಲ್ಲಿಕಸಾಬನ ಮಗ ದಿಲಾವರ ದುಬೈಯಿಂದ ರಜೆಗೆ ಬಂದ. ಅಪ್ಪನಿಗೆ ನಮಾಜಿನ ಹೊತ್ತಿಗೆ ಸರಿಯಾಗಿ ಟುಂಯ್ ಟುಂಯ್ ಎಂದು ಕೂಗುವ ಕೈಗಡಿಯಾರ ತಂದಿದ್ದ. ಸಣ್ಣವನಿದ್ದಾಗ ಬಿಸಿ ರೊಟ್ಟಿ ಹಾಕಿದ ಋಣಕ್ಕೆಂದು ಹೂವಪ್ಪನ ಹೆಂಡತಿ ಉಡಚವ್ವನಿಗೆ ಅಂಗೈಯಗಲದ ಒಂದು ವಿಡಿಯೋ ಗೇಮು ಕೊಟ್ಟ. ಅದರ ಪುಟ್ಟ ಪರದೆಯಲ್ಲಿ ಒಂದು ಗಿಡ, ಗಿಡದ ಮೇಲೊಂದು ಮಂಗ, ಕೆಳಗೆ ಬುಟ್ಟಿ ಹಿಡಿದ ಒಬ್ಬ ಮನುಷ್ಯ. ಮಂಗ ಹಣ್ಣು ಒಗೆದಂತೆ ಬುಟ್ಟಿಯವನನ್ನು ಎಡಕ್ಕೆ, ಬಲಕ್ಕೆ ಓಡಿಸಲು ಎರಡು ಗುಂಡಿ. ಹಣ್ಣು ಬೀಳಲು ಹೊರಟಾಗಲೆಲ್ಲ ಅದೂ ಟುಂಯ್ ಎನ್ನುತ್ತಿತ್ತು. ಗಡಿಯಾರ ಮತ್ತು ಗೇಮು ಒಂದೇ ತಾಯಿಯ ಮಕ್ಕಳಂತೆ ಒಂದೇ ದನಿಯಲ್ಲಿ ಅಳುತ್ತಿದ್ದವು.

ಹೂವಪ್ಪ ಅದನ್ನು ಎರಡು ಬೆರಳಿನಿಂದ ಎತ್ತಿ ನೋಡಿದ, ಸತ್ತ ಇಲಿಯನ್ನು ಎತ್ತುವಂತೆ.

“ಮಂಗ್ಯಾ ಒಗೀತೈತಿ, ಮನಶ್ಯಾ ಹಿಡೀತಾನ. ಇದಕ್ಕ ಬುದ್ಧಿ ಅಂತಾರ ದೇಶದಾಗ!”

“ನಿಮಗ ಆಡಾಕ ಯಾರ ಹೇಳ್ಯಾರ್ರಿ? ನನಗ ಕೊಟ್ಟಾನ ಅಂವ,” ಎಂದಳು ಉಡಚವ್ವ.

“ನೋಡ, ಈ ಮನ್ಯಾಗ ಯಾರರ ಇದನ್ನ ಮುಟ್ಟಿದ್ರ ನಾ ಫಕ್ಕೀರಪ್ಪನ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ.”

“ಅಂದ್ರ ಮುಟ್ಟೂದ ಚಲೋ ಐತಿ,” ಎಂದು ಉಡಚವ್ವ ಅದನ್ನು ಗೂಡಿನಲ್ಲಿಟ್ಟಳು.

ಮರುದಿನ ಚಹಾದಂಗಡಿಯಲ್ಲಿ ಹೂವಪ್ಪ ವಿಡಿಯೋ ಗೇಮಿನಿಂದ ರಾಷ್ಟ್ರಕ್ಕೆ ಒದಗುವ ಅಧಃಪತನವನ್ನು ಸಾದ್ಯಂತವಾಗಿ ವಿವರಿಸಿದ. ಆಗ ಫಕ್ಕೀರಪ್ಪ, “ಆ ಮಂಗ್ಯಾ ಎಷ್ಟ ದಿಕ್ಕಿಗೆ ಒಗೀತೈತ್ರಿ?” ಎಂದು ಕೇಳಿಬಿಟ್ಟ. ಹೂವಪ್ಪ ಅದನ್ನು ಎಣಿಸಿ ನೋಡಿರಲಿಲ್ಲ. ಸರಕನ್ನು ಕೈಯಾರೆ ಪರಾಂಬರಿಸದೆ ಖೋಟಾ ಎನ್ನುವುದು ದಲ್ಲಾಳಿಯ ಧರ್ಮವಲ್ಲ. ಆದ್ದರಿಂದ ಮಧ್ಯಾಹ್ನ ಉಡಚವ್ವ ಹಿತ್ತಲಿಗೆ ಹೋದದ್ದನ್ನು ನೋಡಿ, ಕೇವಲ ಖಂಡಿಸುವ ಸಲುವಾಗಿ, ಗೇಮನ್ನು ಕೈಗೆತ್ತಿಕೊಂಡ.

ಖಂಡನೆ ಸಂಜೆಯವರೆಗೆ ನಡೆಯಿತು. ಮರುದಿನವೂ ನಡೆಯಿತು. ಅದಾದ ಮೇಲೆ ದಿನಾಲು ಊಟವಾಗುತ್ತಲೇ ಹೂವಪ್ಪ ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ವಲ್ಲಿ ಹರಡಿಕೊಂಡು, ಎರಡೂ ಕೈ ಒಳಗೆ ಸೇರಿಸಿ, ಕುತ್ತಿಗೆ ಬಗ್ಗಿಸಿ ವಲ್ಲಿಯ ಸಂದಿಯಿಂದ ಇಣುಕುತ್ತ ಕೂಡತೊಡಗಿದ. ನೋಡಿದವರಿಗೆ ಯಾವುದೋ ಜಪ ಹಿಡಿದಿದ್ದಾನೆ ಎನಿಸುತ್ತಿತ್ತು.

“ವಲ್ಲಿಯೊಳಗ ಏನೋ ಟುಂಯ್ ಅನ್ನಾಕತ್ತೈತೆಲ್ರಿ?” ಎಂದು ಒಳಗಿನಿಂದ ಉಡಚವ್ವ ಕೇಳುತ್ತಿದ್ದಳು.

“ಕಿವ್ಯಾಗ ಗಾಳಿ ಹೊಕ್ಕೈತಿ ನಿನಗ. ಎಣ್ಣಿ ಹಾಕ್ಕೊ.”

ಅವನಿಗೆ ಒಂದೇ ಚಿಂತೆ. ಆ ಯಂತ್ರ ಎಲ್ಲಕ್ಕೂ ಹೆಚ್ಚಿನ ಅಂಕವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಇವತ್ತು ಹೂವಪ್ಪ ಬೆವರು ಸುರಿಸಿ ಒಂದು ಅಂಕ ಏರಿಸಿಟ್ಟರೆ, ನಾಳೆ ತೆಗೆದಾಗ ಅದಕ್ಕಿಂತ ದೊಡ್ಡದೊಂದು ಕೂತಿರುತ್ತಿತ್ತು. ಪರದೇಶದ ಸೆಲ್ಲಿನ ದೋಷವಿರಬೇಕೆಂದು ಅವನು ತೀರ್ಮಾನಿಸಿದ. ಅವನ ಹೆಬ್ಬೆರಳುಗಳಿಗೆ ಮಾತ್ರ ತೀರ್ಮಾನ ಬೇಕಿರಲಿಲ್ಲ. ಟುಂಯ್ ಎಂದರೆ ಒತ್ತುವುದು, ಅಷ್ಟೇ ಅವಕ್ಕೆ ಗೊತ್ತು. ನಿದ್ದೆಯಲ್ಲೂ ಅವು ಕೌದಿಯನ್ನು ಒತ್ತುತ್ತಿದ್ದವು.

ಹೀಗೇ ಒಂದು ಸಂತೆಯ ಹಿಂದಿನ ದಿನ ಉಡಚವ್ವನ ತಮ್ಮ ನಾಗಪ್ಪ ರಟ್ಟೀಹಳ್ಳಿಯಿಂದ ಬಸ್ಸು ಹತ್ತಿ ಬಂದ. ಅವನಿಗೊಂದು ಜೋಡಿ ಎತ್ತು ಬೇಕಿತ್ತು.

“ನನ್ನ ತಮ್ಮಗ ಹೊರಿ ಆಗಬಾರದು,” ಎಂದು ಉಡಚವ್ವ ಗಂಡನನ್ನು ಅಡಿಗೆಮನೆಗೆ ಕರೆದು ಎಚ್ಚರಿಸಿದಳು. “ತವರುಮನ್ಯಾಗ ನಿಮ್ಮ ಕೈಯ ಬಗ್ಗೆ ಭಾಳ ಕೊಚ್ಚಿಕೊಂಡೇನಿ. ನನ್ನ ಮಾನ ನಿಮ್ಮ ವಲ್ಲಿಯೊಳಗ ಐತಿ.”

“ಈ ಕೈಗೆ ಹೇಳಿಕೊಡ್ತೀಯೇನ?” ಎಂದು ಹೂವಪ್ಪ ನಕ್ಕ. ಅವನ ಹೆಬ್ಬೆರಳು ಆಗಲೇ ಒಮ್ಮೆ ಕುಣಿದದ್ದನ್ನು ಅವನು ಗಮನಿಸಲಿಲ್ಲ, ಉಡಚವ್ವ ಗಮನಿಸಿದಳು.

ಸಂತೆಯಲ್ಲಿ ನಾಗಪ್ಪನ ಕಣ್ಣಿಗೆ ಬಿದ್ದದ್ದು ಮಲ್ಲಿಕಸಾಬ ತಂದಿದ್ದ ಬಿಳಿ ಜೋಡಿ. ಹೂವಪ್ಪ ಹಲ್ಲು ನೋಡಿದ, ಗೊರಸು ತಟ್ಟಿದ, ಬಾಲ ಎಳೆದ, “ಅಷ್ಟಕ್ಕಷ್ಟ” ಎಂಬಂತೆ ಮೂಗು ಮುರಿದ. ಅವನ ಕೈಯೂ ಮಲ್ಲಿಕಸಾಬನ ಕೈಯೂ ವಲ್ಲಿಯ ಕೆಳಗೆ ಸೇರಿದವು.

“ಈ ಸಲ ಮಳಿ ಹೆಂಗಾಗಬೌದ್ರಿ ಸಾಬ್ರ?” ಹೂವಪ್ಪ ಎರಡು ಬೆರಳು ಹಿಡಿದ.

“ದೇವರ ಮರ್ಜಿ, ಹೂವಪ್ಪ.” ಮಲ್ಲಿಕಸಾಬ ನಾಲ್ಕು ಹಿಡಿದ.

“ಭತ್ತಕ್ಕ ಈ ವರ್ಷ ರೇಟ ಇಲ್ಲಂತ.” ಎರಡು, ಮೇಲೊಂದು ಒತ್ತು.

“ಎಲ್ಲೈತಿ? ಯಾವುದಕ್ಕೂ ಇಲ್ಲ.” ಮೂರು, ಮೇಲೊಂದು ಒತ್ತು.

ವ್ಯವಹಾರ ಮೂರು ಬೆರಳಿಗೆ ಇಳಿದು ನಿಂತಿತ್ತು. ಹೂವಪ್ಪನ ಹಿಡಿತದಲ್ಲಿ ಮಲ್ಲಿಕಸಾಬನ ಕೈ ಸಡಿಲಾಗುತ್ತಿತ್ತು. ಇನ್ನೇನು “ಆತು” ಎನ್ನಬೇಕು, ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ವಲ್ಲಿಯ ಒಳಗಿಂದಲೇ ಮಲ್ಲಿಕಸಾಬನ ಕೈಗಡಿಯಾರ ಟುಂಯ್ ಎಂದಿತು. ಟುಂಯ್, ಟುಂಯ್, ಟುಂಯ್.

ಹೂವಪ್ಪನ ಹೆಬ್ಬೆರಳು ತನ್ನ ಧರ್ಮ ಪಾಲಿಸಿತು. ಒತ್ತಿತು. ಮತ್ತೆ ಒತ್ತಿತು. ಎಡಕ್ಕೆ ಒತ್ತಿತು, ಬಲಕ್ಕೆ ಒತ್ತಿತು. ಹೂವಪ್ಪ ಹಲ್ಲು ಕಚ್ಚಿದ. ಅದು ಕೇಳಲಿಲ್ಲ. ಗಿಡವಿಲ್ಲ, ಮಂಗವಿಲ್ಲ, ಆದರೂ ಒಂದು ಹಣ್ಣೂ ನೆಲಕ್ಕೆ ಬೀಳದಂತೆ ಅದು ಹಿಡಿಯುತ್ತ ಹೋಯಿತು. ಮಲ್ಲಿಕಸಾಬನ ಹುಬ್ಬು ಮೊದಲು ಏರಿತು, ಆಮೇಲೆ ಟೊಪ್ಪಿಗೆ ಏರಿತು. ಮೂವತ್ತು ವರ್ಷದ ವ್ಯಾಪಾರದಲ್ಲಿ ಕೊಳ್ಳುವ ಕಡೆಯವನೇ ಹೀಗೆ ಉತ್ಸಾಹದಿಂದ ಏರಿಸಿದ್ದನ್ನು ಅವನು ಕಂಡಿರಲಿಲ್ಲ.

ಗಡಿಯಾರ ಸುಮ್ಮನಾದಾಗ ಮಲ್ಲಿಕಸಾಬ ಮೆಲ್ಲಗೆ, “ಹೂವಪ್ಪ, ಆರಾಮ ಇದ್ದೀಯಲ್ಲ?” ಎಂದ.

ಹೂವಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೇಮಿನ ಚಟ ಎಂದರೆ ಚಹಾದಂಗಡಿಯಲ್ಲಿ ಮಾನ ಹೋಗುತ್ತದೆ. ಕೈ ತಪ್ಪಿತು ಎಂದರೆ ಸಂತೆಯಲ್ಲಿ ಅನ್ನ ಹೋಗುತ್ತದೆ. ಮಾನವೂ ಅನ್ನವೂ ಉಳಿಯುವ ದಾರಿ ಒಂದೇ ಇತ್ತು.

“ಆರಾಮ ಇದ್ದೇನ್ರಿ. ಆತು. ಮುಗೀತು,” ಎಂದು ಕೈ ಹೊರಗೆಳೆದ.

ಬೆಲೆ ಕೇಳಿ ನಾಗಪ್ಪ ಒಳಜೇಬು ಗಟ್ಟಿಯಾಗಿ ಹಿಡಿದುಕೊಂಡ. “ಮಾಮಾ, ಇದೇನ್ರಿ? ಇಷ್ಟಕ್ಕ ಟ್ರ್ಯಾಕ್ಟರ್ ಗಾಲಿ ಬರತಿತ್ತಲ್ರಿ!”

“ಮೆಲ್ಲಕ ಮಾತಾಡು,” ಎಂದು ಹೂವಪ್ಪ ಅವನನ್ನು ಬದಿಗೆ ಎಳೆದ. “ಬಲಗಡೆ ಎತ್ತಿನ ಬೆನ್ನಮ್ಯಾಲಿನ ಸುಳಿ ನೋಡಿದಿ? ರಾಜಸುಳಿ! ಸಾಬ್ರಿಗೆ ಗೊತ್ತಾಗಿಲ್ಲ. ಈ ಎತ್ತು ಇದ್ದ ಮನ್ಯಾಗ ಲಕ್ಷ್ಮಿ ಕಾಲ ಮುರಕೊಂಡ ಕುಂಡರತಾಳ. ಗೊತ್ತಾಗೂದರೊಳಗ ಮುಗಿಸಬೇಕಂತ ನಾನಾ ಏರಿಸಿದೆ.”

ಒಮ್ಮೆ ಶುರುವಾದ ವರ್ಣನೆ ನಿಲ್ಲಲಿಲ್ಲ. ಎಡಗಡೆಯ ಎತ್ತಿನ ಕಣ್ಣಿಗೂ, ಕೊಂಬಿಗೂ, ಕೊನೆಗೆ ಎರಡರ ಸಗಣಿಗೂ ಶಾಸ್ತ್ರೋಕ್ತ ಲಕ್ಷಣಗಳು ಹುಟ್ಟಿಕೊಂಡವು. ಸುತ್ತ ಜನ ಸೇರಿ ಎತ್ತುಗಳಿಗೆ ಕೈ ಮುಗಿಯತೊಡಗಿದರು. ನಾಗಪ್ಪನ ಕಣ್ಣು ತುಂಬಿ ಬಂತು.

“ಮಾಮಾ,” ಎಂದ ತಾನೂ ಕೈ ಮುಗಿದು, “ಇಂಥಾ ಭಾಗ್ಯ ನಾ ಹೆಂಗ ಒಯ್ಯಲ್ರಿ? ಅದು ನಮ್ಮ ಅಕ್ಕನ ಮನ್ಯಾಗ ಇರ್ಲಿ. ನೀವಾ ಇಟ್ಗೊಳ್ರಿ. ನನಗ ಸಾದಾ ಜೋಡಿ ಸಾಕು.”

ಜನ ಭೇಷ್ ಎಂದರು. ಹೂವಪ್ಪನೂ ಅನ್ನಬೇಕಾಯಿತು. ಅಂಗೈಯಗಲ ಹೊಲವಿಲ್ಲದ ದಲ್ಲಾಳಿ ತಾನೇ ದುಡ್ಡು ತೆತ್ತು ಜೋಡಿ ಎತ್ತಿನ ಒಡೆಯನಾದ. ಮಾರಿಬಿಡೋಣವೆಂದರೆ, ರಾಜಸುಳಿಯ ಎತ್ತನ್ನು ಯಾಕೆ ಮಾರುತ್ತಾನೆ, ಒಳಗೇನೋ ಐಬಿರಬೇಕು ಎಂದು ಇದೇ ಜನ ಕೇಳುತ್ತಾರೆ.

ಸಂಜೆ ಎತ್ತುಗಳು ಪಡಸಾಲೆಯ ಮುಂದೆ ನಿಂತು ಉಡಚವ್ವನ ಚೆಂಡು ಹೂವಿನ ಗಿಡ ಮೇಯತೊಡಗಿದವು. ನಾಗಪ್ಪ ಚಹಾ ಕುಡಿಯುತ್ತ ಅಕ್ಕನಿಗೆ ಸಂಭ್ರಮದಿಂದ ಹೇಳುತ್ತಿದ್ದ: “ಸಾಬ್ರ ಗಡಿಯಾರ ಟುಂಯ್ ಟುಂಯ್ ಅಂತು ನೋಡಬೇ ಅಕ್ಕಾ, ಮಾಮಾಗ ಮೈಮ್ಯಾಲೆ ದೇವರ ಬಂದಂಗಾತು!”

ಉಡಚವ್ವ “ಹೌದಾ?” ಎಂದಳು. ಗಂಡನ ಬಸಿಗೆ ಇನ್ನಷ್ಟು ಚಹಾ ಸುರಿದಳು. ಹೂವಪ್ಪನಿಗೆ ಅವಳ ಬೈಗುಳದ ಪರಿಚಯವಿತ್ತು, ಈ ಉಪಚಾರದ್ದಿರಲಿಲ್ಲ.

ನಾಗಪ್ಪ ಕೊನೆಯ ಬಸ್ಸಿಗೆ ಹೋದ ಮೇಲೆ ಅವಳು ಬಂದು ಗಂಡನ ಎದುರಿಗೆ ಕೂತಳು. ಅವನ ಹೆಗಲಿನ ವಲ್ಲಿ ಎಳೆದು ಇಬ್ಬರ ನಡುವೆ ಹರಡಿದಳು. ಒಂದು ಕೈ ಒಳಗೆ ಚಾಚಿ ಅವನ ಬಲಗೈ ಹಿಡಿದಳು.

“ನಾಗಪ್ಪಗೂ ಹೇಳಂಗಿಲ್ಲ, ಫಕ್ಕೀರಪ್ಪನ ಅಂಗಡ್ಯಾಗೂ ಗೊತ್ತಾಗಂಗಿಲ್ಲ. ಇದಕ್ಕ ನನ್ನ ರೇಟ ಹೇಳ್ತೇನಿ.” ಅವನ ಮೂರು ಬೆರಳು ಹಿಡಿದಳು.

“ಮೂರು ಏನು?”

“ಮೂರು ತಿಂಗಳಾ. ಚಾದಂಗಡ್ಯಾಗ ಹೋಗ್ರಿ, ಕುಂಡ್ರರಿ, ಕುಡೀರಿ. ಬಾಯಿ ತಗದು ಒಂದ ಅಭಿಪ್ರಾಯ ಹೇಳಂಗಿಲ್ಲ.”

“ಏ, ಕಂಪ್ಯೂಟರ್ ಬಂದ ದೇಶ ಮುಳಗಾಕತ್ತೈತಿ, ಈಗ ಸುಮ್ಮಕ ಕುಂಡರಲೇನು? ಒಂದ ವಾರ ಮಾಡು.”

ಉಡಚವ್ವ ಚೌಕಾಸಿಗೆ ಇಳಿಯಲಿಲ್ಲ. ಇನ್ನೊಂದು ಕೈಯನ್ನು ಸೆರಗಿನ ಕೆಳಗೆ ಒಯ್ದಳು. ಅಲ್ಲಿ ಏನೋ ಒತ್ತಿದಂತಾಯಿತು.

ಟುಂಯ್, ಟುಂಯ್, ಟುಂಯ್.

ಹೆಬ್ಬೆರಳು ಎದ್ದೇ ಬಿಟ್ಟಿತು. ಹೂವಪ್ಪ ಕೈ ಎಳೆದುಕೊಳ್ಳಲು ನೋಡಿದ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ ಅದು, ಬಿಡಲಿಲ್ಲ. ಸೆರಗಿನ ಕೆಳಗಿನ ಮಂಗ ಹಣ್ಣು ಒಗೆಯುತ್ತಿತ್ತು, ಅವಳ ಹೆಬ್ಬೆರಳು ಒಂದೊಂದನ್ನೂ ಹಿಡಿಯುತ್ತಿತ್ತು, ಅವನದು ವಲ್ಲಿಯ ಕೆಳಗೆ ಒತ್ತುತ್ತಿತ್ತು. ದಿನದಿನವೂ ತನ್ನ ಅಂಕವನ್ನು ಮೀರಿಸುತ್ತಿದ್ದ ಪರದೇಶದ ಸೆಲ್ಲು ಯಾವುದೆಂದು ಅವನಿಗೆ ಆಗ ಹೊಳೆಯಿತು.

“ಆತು ಬಿಡ್ರಿ,” ಎಂದು ಉಡಚವ್ವ ಕೈ ಝಾಡಿಸಿ ಎದ್ದಳು. “ನಾ ಮೂರ ಕೇಳಿದ್ದೆ, ನೀವಾ ಏರಿಸಿ ಏರಿಸಿ ವರ್ಷಕ್ಕ ಒಯ್ದ್ರಿ. ಒತ್ತಿದ್ದ ಒತ್ತಿದ್ದು. ಏಳ್ರಿ, ರಾಜಸುಳಿ ಸಗಣಿ ಹಾಕ್ಯಾವ.”

ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಫಕ್ಕೀರಪ್ಪ, “ಹೂವಪ್ಪಣ್ಣ, ಬ್ಯಾಂಕಿನಾಗೂ ಕಂಪ್ಯೂಟರ್ ತರತಾರಂತ, ಏನಂತೀರಿ?” ಎಂದು ಕೇಳಿದ. ಹೂವಪ್ಪ ಒಂದು ಗುಟುಕು ಎಳೆದ. ಸಗಣಿ ವಾಸನೆಯ ಕೈಯಿಂದ ಬಸಿ ಕೆಳಗಿಟ್ಟ.  ಏನೂ ಹೇಳಲಿಲ್ಲ.

ಅಂಗಡಿಯಲ್ಲಿ ಎಲ್ಲರೂ ಬಸಿ ಕೆಳಗಿಟ್ಟು ಅವನತ್ತ ತಿರುಗಿದರು. ಒಂದು ವಾರದಲ್ಲಿ, ಹೂವಪ್ಪ ಮಾತಾಡದೇ ಇರುವುದನ್ನು ನೋಡಬೇಕೆಂದು ಸುತ್ತಿನ ಹಳ್ಳಿಗಳಿಂದ ಜನ ಬರಲು ಶುರುಮಾಡಿದರು. ಅವನ ಎದುರಿಗೆ ಕೂತು, ಚಹಾ ಹೇಳಿ, ದೇಶದ ಕಷ್ಟವನ್ನೆಲ್ಲ ಅವನ ಮುಂದೆ ಇಟ್ಟು, ಅವನ ಮುಖ ನೋಡಿ ತಲೆದೂಗಿ ಹೋಗುತ್ತಿದ್ದರು.

ಹೂವಪ್ಪನ ಅಭಿಪ್ರಾಯಕ್ಕೆ ಅಷ್ಟು ಬೆಲೆ ಹಿಂದೆಂದೂ ಬಂದಿರಲಿಲ್ಲ.