ಮೊದಲ ಲಕ್ಷ ನಿಮ್ಮದು

"ನೋಡಪ್ಪಾ, ಕಳೆಯೋ ಲೆಕ್ಕ ನನಗೆ ಹೇಳಿಕೊಡೋಕೆ ಬರಬೇಡ" ಎಂದು ತಕ್ಕಡಿ ಮಾಮ ವಿಮೆ ಏಜೆಂಟನ ಬಾಯಿ ಮುಚ್ಚಿಸಿದರಲ್ಲ, ಅನಾಹುತ ಶುರುವಾಗಿದ್ದು ಅಲ್ಲಿಂದಲೇ. ಮಾಮ ಹೆದ್ದಾರಿ ಪಕ್ಕದ ತೂಕದ ಕಟ್ಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಲಾರಿ ತೂಗುವವರು. ತುಂಬಿದ ಲಾರಿ ತೂಗು, ಖಾಲಿ ಲಾರಿಯ ತೂಕ ಕಳೆ, ಉಳಿದದ್ದಕ್ಕೆ ಮಾತ್ರ ದುಡ್ಡು ಕೊಡು. ಕಳೆದಷ್ಟೂ ಕೊಳ್ಳುವವನಿಗೆ ಲಾಭ. ಪ್ರಪಂಚದ ಸಕಲ ವ್ಯವಹಾರವೂ ಇಷ್ಟೇ ಎಂದು ಅವರ ಸಿದ್ಧಾಂತ.

ಆರೋಗ್ಯ ವಿಮೆಯ ಅರ್ಜಿಯಲ್ಲಿ 'ಡಿಡಕ್ಟಿಬಲ್' ಎಂಬುದರ ಮುಂದೆ ಮೂರು ಚೌಕಗಳಿದ್ದವು. ಹತ್ತು ಸಾವಿರ, ಐವತ್ತು ಸಾವಿರ, ಒಂದು ಲಕ್ಷ.

"ಡಿಡಕ್ಟಿಬಲ್ ಅಂದ್ರೆ ಸರ್..."

"ಕಳೆಯೋದು. ಆಸ್ಪತ್ರೆ ಬಿಲ್ಲಲ್ಲಿ ನಮ್ಮ ತಲೆ ಮೇಲಿಂದ ಅಷ್ಟು ಇಳಿಸ್ತೀರಿ. ಅದಕ್ಕೆ ಇಷ್ಟುದ್ದ ಪುರಾಣ ಬೇಕಾ?"

ಏಜೆಂಟ್ ಇನ್ನೂ ನಾಲ್ಕು ಮನೆ ಸುತ್ತಬೇಕಿತ್ತು. ಅರ್ಜಿಯನ್ನು ಮಾಮನ ಕಡೆ ತಳ್ಳಿದ. ಮಾಮ ಲಕ್ಷದ ಚೌಕಕ್ಕೆ ಗೀಟು ಎಳೆದರು. ಅದಕ್ಕೆ ಕಂತೂ ಕಡಿಮೆ. ಹೆಚ್ಚು ಕಳೆಯುತ್ತಾರೆ, ಕಡಿಮೆ ಕೇಳುತ್ತಾರೆ. "ಇಂಥ ಪುಣ್ಯಾತ್ಮರ ಕಂಪನಿ ಎಷ್ಟು ದಿನ ಬಾಳತ್ತೋ, ಪಾಪ" ಎಂದು ಹೆಂಡತಿಯ ಮುಂದೆ ಕನಿಕರವನ್ನೂ ಪಟ್ಟರು.

ಆರು ತಿಂಗಳಿಗೆ ಹೆಂಡತಿಯ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಹಳೇ ಮೆಷಿನ್ನು ಹತ್ತು ಹೊಲಿಗೆಗೆ ಎರಡು ಬಿಡುತ್ತಿತ್ತು. ಕಸೂತಿ ಹಾಕುವ ಹೊಸ ಮೆಷಿನ್ನಿಗೆಂದು ನಾಲ್ಕು ವರ್ಷದಿಂದ ಅರವತ್ತೈದು ಸಾವಿರ ಕೂಡಿಟ್ಟಿದ್ದಳು.

"ಆ ದುಡ್ಡು ಮಾತ್ರ ಮುಟ್ಟೋ ಹಾಗಿಲ್ಲ ಕಣ್ರೀ."

"ಯಾರೇ ಮುಟ್ಟೋರು? ಲಕ್ಷದ ತನಕ ಕಂಪನೀದು. ನೀನು ಮಹಾರಾಣಿ ಹಾಗೆ ಮಲಗಿ ಆಪರೇಷನ್ ಮಾಡಿಸ್ಕೋ."

ಮಾಮ ಆಡಿದಂತೆ ನಡೆದರು. ಆರು ಹಾಸಿಗೆಯ ವಾರ್ಡಿಗೆ ಮೂಗು ಮುರಿದು ಏಸಿ ಕೋಣೆ ಹಿಡಿದರು. ಡಾಕ್ಟರು ಮನೆಗೆ ಹೋಗಿ ಎಂದರೂ "ಎರಡು ದಿನ ಸುಧಾರಿಸಿಕೊಳ್ಳಲಿ ಬಿಡಿ" ಎಂದು ತಾವೂ ಅಲ್ಲೇ ಸೋಫಾ ಮೇಲೆ ಕಾಲು ಚಾಚಿದರು. ನಲವತ್ತರಲ್ಲಿ ಮುಗಿಯಬೇಕಿದ್ದ ಬಿಲ್ಲು ಅರವತ್ತನಾಲ್ಕು ಸಾವಿರಕ್ಕೆ ಏರಿತು. ಮಾಮ ಅದನ್ನು ವಿಮೆ ಕೌಂಟರಿನ ಹೆಂಗಸಿನ ಮುಂದೆ ಠೀವಿಯಿಂದ ಇಟ್ಟರು.

"ಲಕ್ಷ ಕಳೀರಿ."

"ಕಳೆದಿದೀವಿ ಸರ್. ಅರವತ್ತನಾಲ್ಕರಲ್ಲಿ ಲಕ್ಷ ಕಳೆದ್ರೆ, ಕಂಪನಿ ಕೊಡೋದು ಏನೂ ಉಳಿಯಲ್ಲ."

"ನಾವು ಕೊಡೋದ್ರಲ್ಲಿ ಅಲ್ವೇನಮ್ಮಾ ಕಳೆಯೋದು?"

"ಅಲ್ಲ ಸರ್. ಮೊದಲ ಲಕ್ಷ ನಿಮ್ಮದು. ಅದರ ಮೇಲೆ ಬಂದಿದ್ದು ನಮ್ಮದು. ಅದಕ್ಕೇ ಕಂತು ಕಡಿಮೆ."

ಮಾಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಕಂತು ಕಟ್ಟುವವರು ಇವರು, ಕಾಯಿಲೆ ಬೀಳುವವರು ಇವರು, ಬಿಲ್ಲು ಕೊಡುವವರೂ ಇವರೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದರೆ ಇದೇ ತಾನೆ? ತಮ್ಮ ಕಟ್ಟೆಯಲ್ಲಿ ಒಬ್ಬ ಡ್ರೈವರಿಗೆ ಹತ್ತು ಕೆಜಿ ಹೆಚ್ಚುಕಮ್ಮಿಯಾದರೆ ಊರು ಒಂದು ಮಾಡುತ್ತಾನೆ. ಇಲ್ಲಿ ಲಕ್ಷಕ್ಕೆ ಲಕ್ಷವೇ ತಲೆಕೆಳಗಾಗಿದ್ದರೂ ಈಯಮ್ಮ ನಗುತ್ತಾ ಕೂತಿದ್ದಾಳೆ.

"ಹೊಟ್ಟೆ ಕೊಯ್ದಿದ್ದು ಕಾಯಿಲೆ ಅಲ್ವಾ ನಿಮ್ಮ ಪ್ರಕಾರ?"

"ಕಾಯಿಲೇನೇ ಸರ್. ಸಾಲದು ಅಷ್ಟೆ. ಈ ವರ್ಷ ಪಾಲಿಸೀಲಿರೋ ಯಾರಿಗಾದ್ರೂ ಇನ್ನೊಂದು ಮೂವತ್ತಾರು ಸಾವಿರದ್ದು ಏನಾದ್ರೂ ಬಂದ್ರೆ, ಅಲ್ಲಿಂದ ಮುಂದೆ ಪೂರ್ತಿ ನಾವೇ."

ನಾಲ್ಕು ವರ್ಷದ ಉಳಿತಾಯ ಕೌಂಟರಿನ ಒಳಗೆ ಹೋಯಿತು. ಉಳಿದದ್ದು ಒಂದು ಸಾವಿರ. ಆಟೋದಲ್ಲಿ ಹೆಂಡತಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಾಮನ ತಲೆಯಲ್ಲಿ ಮಾತ್ರ ಮೂವತ್ತಾರು ಸಾವಿರ ಕುದಿಯುತ್ತಲೇ ಇತ್ತು. ಮನೆಗೆ ಬಂದವರೇ, ಪಾಲಿಸಿಯಲ್ಲಿ ಹೆಸರಿದ್ದ ಅತ್ತೆಯ ಪಕ್ಕ ಹೋಗಿ ಕೂತರು.

"ಮೊಣಕಾಲು ಹೇಗಿದೆ ಅತ್ತೆ?"

ಇಪ್ಪತ್ತು ವರ್ಷದಲ್ಲಿ ಅಳಿಯ ಇದನ್ನು ಕೇಳಿದ್ದು ಇದೇ ಮೊದಲು. ಮುದುಕಿಯ ಕಣ್ಣು ತುಂಬಿ ಬಂತು. "ನೀವು ಕೇಳಿದ್ರಲ್ಲ, ಅಷ್ಟಕ್ಕೇ ನೋವು ಅರ್ಧ ಹೋಯ್ತು."

ಮಾಮ ನಿಟ್ಟುಸಿರು ಬಿಟ್ಟು ಎದ್ದರು. "ಆ ಏಜೆಂಟ್ ಒಂದು ಮಾತು ಬಿಡಿಸಿ ಹೇಳಬಾರದಿತ್ತೇನೇ?"

"ಹೇಳೋಕೆ ಬಿಟ್ರಾ?" ಎಂದಳು ಹೆಂಡತಿ.

"ಹೇಳಿದ್ರೂ ಯಾವನಿಗೆ ಅರ್ಥ ಆಗತ್ತೆ ಈ ಡಿಡಕ್ಟಿಬಲ್ಲು?"

"ಬನ್ನಿ, ನಾನು ಅರ್ಥ ಮಾಡಿಸ್ತೀನಿ" ಎಂದು ಆಕೆ ಹೊಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ನಡೆದಳು. "ನನ್ನ ಮೆಷಿನ್ ದುಡ್ಡು ಮತ್ತೆ ಕೂಡೋ ತನಕ ಈ ಮನೆ ಪಾತ್ರೆಗೆ ನಾನೇ ವಿಮೆ ಕಂಪನಿ. ದಿನಕ್ಕೆ ಮೊದಲ ಐವತ್ತು ಪಾತ್ರೆ ನೀವು ತೊಳೀರಿ. ಅದರ ಮೇಲೆ ನೂರು ಬೀಳಲಿ, ಸಾವಿರ ಬೀಳಲಿ, ಅಷ್ಟೂ ನನ್ನ ತಲೆ ಮೇಲೆ. ಕಂತೂ ಬೇಡ."

ಸಾವಿರ ಎಂದದ್ದು ಮಾಮನ ಕಿವಿಗೆ ಇಂಪಾಗಿ ಕೇಳಿಸಿತು. ಹೊಟ್ಟೆ ಕೊಯ್ಸಿಕೊಂಡವಳಿಗೆ ಬುದ್ಧಿ ಮಂಕಾಗಿದೆ, ಪಾಪ ಎಂದುಕೊಂಡು ತೋಳು ಮಡಚಿದರು.

ಎರಡು ದಿನ ತಿಕ್ಕಿದರು. ಮೂರನೇ ದಿನ ಸಂಶಯ ಬಂದು ಮನೆಯಲ್ಲಿದ್ದದ್ದನ್ನೆಲ್ಲ ನೆಲಕ್ಕಿಳಿಸಿ, ಚಮಚವನ್ನೂ ಬಿಡದೆ ಎಣಿಸಿದರು. ನಲವತ್ತಮೂರು. ಇನ್ನೊಮ್ಮೆ ಎಣಿಸಿದರು. ಅಷ್ಟೇ.

ಸೋಲು ಒಪ್ಪುವ ಜಾಯಮಾನವಲ್ಲ. ನಾಲ್ಕನೇ ದಿನ ಪಕ್ಕದ ಮನೆಯ ಹಿತ್ತಿಲಿನಿಂದ ಸೀದು ಕರಕಲಾದ ಎಂಟು ಪಾತ್ರೆ ಹೊತ್ತು ತಂದು, ಲೆಕ್ಕ ಐವತ್ತು ದಾಟಿಸಿ, ಎದೆಯುಬ್ಬಿಸಿ ನಿಂತರು.

ಹಳೇ ಮೆಷಿನ್ನಿಗೆ ದಾರ ಪೋಣಿಸುತ್ತಿದ್ದ ಹೆಂಡತಿ ಒಮ್ಮೆ ತಿರುಗಿ ನೋಡಿದಳು.

"ಹೊರಗಿನ ಪಾತ್ರೆ ನಮ್ಮ ಪಾಲಿಸೀಲಿ ಬರಲ್ಲ. ಹೇಗೂ ತಂದಿದೀರಲ್ಲ, ತೊಳೆದು ಕೊಟ್ಟು ಬನ್ನಿ."